ಪ್ಲಾಸ್ಟಿಕ್ ಇಟ್ಟಿಗೆಯ ಖಿದ್ರಾಪುರ

ಗುರುಸಿದ್ದನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಇಚಲಕರಂಜಿಯ ಮನೆಯನ್ನು ತೊಳೆದರು. ತೊಳೆದವಳು ಅವನ ಅಕ್ಕ ದುಂಡವ್ವ, ಗಡಹಿಂಗ್ಲಜದಿಂದ ಬಂದವಳು. ಹೆಂಡತಿ ಕಲ್ಲವ್ವ ಹೊರಗೆ ಗೋಡೆಗೊರಗಿ ಕೂತಿದ್ದಳು. ಒಳಗೆ ಬಂದು ನೋಡಿದರೆ ಮೂಲೆಯ ಹಲಗೆ ಖಾಲಿ.

"ಅಕ್ಕಾರ, ಗುಡಿ ಎಲ್ರಿ?"

"ಯಾವ ಗುಡಿ?"

"ಅವರು ಕಟ್ಟಿದ್ದು."

"ಆ ಹುಡುಗರ ಆಟದ ಸಾಮಾನೇನ? ಬಿಡಿಸಿ ಚೀಲಕ್ಕ ಹಾಕೇನಿ. ಮನಿ ತೊಳಿಬೇಕಾದ್ರ ಒಂದೂ ಬಿಡಬಾರದವಾ. ಒಂದಕ್ಕೊಂದು ಕಚ್ಚಿಕೊಂಡಿದ್ದ ಒಂದು ಗಂಟು ಮಾತ್ರ ನನ್ನ ಕೈಗೆ ಬಿಡಲಿಲ್ಲ. ಹಂಗ ಹಾಕೇನಿ."

ಕಲ್ಲವ್ವ ಅಳಲಿಲ್ಲ. ಚೀಲದ ಬಾಯಿ ಹಿಡಿದು ಕೂತಳು.

ಗುರುಸಿದ್ದ ಮಗ್ಗದ ಆಳು. ಹಗಲೆಲ್ಲ ಆ ಖಟಖಟದೊಳಗೆ ನಿಲ್ಲುವವನು. ರಜೆ ಬಂದರೆ ಕೊಲ್ಹಾಪುರಕ್ಕೆ ಹೋಗಿ, ಮಕ್ಕಳು ಒಂದಕ್ಕೊಂದು ಒತ್ತಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಹಳೇ ಸಾಮಾನಿನ ಅಂಗಡಿಯಲ್ಲಿ ಆರಿಸಿ ತರುತ್ತಿದ್ದ. ಕರಿಯವು, ಬೂದಿ ಬಣ್ಣದವು ಅಷ್ಟೇ. ಖಿದ್ರಾಪುರದ ಕೋಪೇಶ್ವರನ ಗುಡಿ ಕರಿಕಲ್ಲಿನದು. ಅದನ್ನೇ ಕಂಬ ಕಂಬ ಕಟ್ಟುತ್ತಿದ್ದ. ದೀಪಾವಳಿಗೆ ಓಣಿಯ ಹುಡುಗರು ಮಣ್ಣಿನ ಕಿಲ್ಲಾ, ಅಂದರೆ ಪುಟ್ಟ ಕೋಟೆ, ಕಟ್ಟುತ್ತಾರಲ್ಲ, ಈ ಸಲ ಅದರ ಪಕ್ಕದಲ್ಲಿ ನಮ್ಮ ಗುಡಿ ಇರತೈತಿ ಎಂದು ಎಲ್ಲರಿಗೂ ಹೇಳಿಟ್ಟಿದ್ದ. ಮಕ್ಕಳಿಲ್ಲದ ಮನೆ. ಕೈಯಿಂದ ಆದದ್ದು ಅದೊಂದೇ.

ಕಲ್ಲವ್ವ ಅದನ್ನು ಸರಿಯಾಗಿ ನೋಡಿದವಳೇ ಅಲ್ಲ. ಮಗ್ಗದ ಹತ್ತಿಧೂಳು ಬೀಳದಿರಲೆಂದು ಅವನು ಮೇಲೆ ಸದಾ ಟಾವೆಲ್ ಹೊದಿಸುತ್ತಿದ್ದ. ಒಮ್ಮೆ ಬಗ್ಗಿ ನೋಡಿ ಅಂದಿದ್ದಳು, "ಶಿವನ ಗುಡಿ ಅಂತೀರಿ, ನಂದಿ ಎಲ್ಲಿ?"

"ಅಲ್ಲಿ ನಂದಿ ಇಲ್ಲ."

"ಶಿವನ ಮುಂದ ನಂದಿ ಇಲ್ಲಂದ್ರ ಯಾರು ನಂಬತಾರ? ಮರತೀರಿ ನೀವು."

"ನಡಿ, ಕರಕೊಂಡು ಹೋಗತೇನಿ. ಕಣ್ಣಾರೆ ನೋಡಿ ಬೈ."

ಇಬ್ಬರೂ ಹೋಗುವುದು ಆಗಲಿಲ್ಲ.

ಈಗ ಅವಳು ಕಟ್ಟಲು ಕೂತಳು. ಮಗ್ಗದ ಲಾಳಿಯ ಕಾಂಡಿಗೆ ನೂಲು ಸುತ್ತುವ ಕೂಲಿ ಕೆಲಸ ಬಿಟ್ಟಳು. ದುಂಡವ್ವ ಬೈದು ಊರಿಗೆ ಹೋದಳು. ಗೋಡೆಗಳು ಎದ್ದವು, ಬಿದ್ದವು. ಕಂಬ ಎಷ್ಟು ದಪ್ಪ, ಬಾಗಿಲು ಎತ್ತ, ಒಂದೂ ತಿಳಿಯದು. ನೆನಪಿಗೆ ಬರುವುದು ಅವನ ಬಾಗಿದ ಬೆನ್ನು ಮಾತ್ರ.

ಚೀಲದ ತಳದಲ್ಲಿ ಆ ಗಂಟು ಸಿಕ್ಕಿತು. ಕೆಳಗೆ ನಾಲ್ಕು ಮೋಟು, ಮೇಲೊಂದು ಉಬ್ಬು, ಒಂದು ಕಡೆ ಮುರಿದಂತೆ. ಕಂಬದ ಬುಡವಿರಬೇಕು ಎಂದುಕೊಂಡಳು. ಎಲ್ಲಿಯೂ ಕೂಡಲಿಲ್ಲ. ಆದರೂ ಅದನ್ನು ತಲೆದಿಂಬಿನ ಬಳಿ ಇಟ್ಟುಕೊಂಡು ಮಲಗುತ್ತಿದ್ದಳು. ಅವನ ಹೆಬ್ಬೆರಳು ಒತ್ತಿದ್ದು ಇನ್ನೂ ಬಿಡದೆ ಇದ್ದದ್ದು ಅದೊಂದೇ.

ದೀಪಾವಳಿ ಹತ್ತಿರ ಬರುವಷ್ಟರಲ್ಲಿ ಅಂದಾಜಿನ ಮೇಲೆ ಗುಡಿಯೊಂದು ಎದ್ದಿತು. ಮುಂದಿನ ಮಂಟಪದ ಚಾವಣಿ ಮುಗಿಯಲಿಲ್ಲ. ನಡುವೆ ದುಂಡನೆಯ ತೂತು ಉಳಿಯಿತು. ಚೀಲ ಖಾಲಿ. ಉಳಿದ ತುಂಡುಗಳನ್ನು ದುಂಡವ್ವ ಕಸದ ಜೊತೆ ಚೆಲ್ಲಿರಬೇಕು. ಕಲ್ಲವ್ವ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು. ದುಂಡವ್ವ ಅತ್ತಳು.

ತೂತು ಬಿಟ್ಟರೆ ಮನೆಯಾಗುವುದಿಲ್ಲ, ಗುಡಿ ಹೇಗಾದೀತು? ಕಲ್ಲವ್ವ ಆ ಗಂಟನ್ನು ಕೈಗೆ ತೆಗೆದುಕೊಂಡಳು. ಉಗುರಿಗೆ ಬಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ಬಿಡಿಸಿದಳು. ಒಂದೊಂದೇ ಒತ್ತಿ ತೂತು ಮುಚ್ಚಿದಳು.

ಇನ್ನು ನಿಜವಾದ ಗುಡಿಗೆ ಹೋಲಿಸಿ ನೋಡಿದರಾಯಿತು ಎಂದು ಮರುದಿನ ಖಿದ್ರಾಪುರದ ಬಸ್ಸು ಹತ್ತಿದಳು. ಗುಡಿಯ ಮುಂದಿನ ಮಂಟಪದೊಳಗೆ ಕಾಲಿಟ್ಟಾಗ ನೆತ್ತಿಯ ಮೇಲೆ ಬಿಸಿಲು ಬಿತ್ತು. ತಲೆ ಎತ್ತಿದಳು. ಚಾವಣಿಯ ನಡುವೆ ದುಂಡನೆಯ ಆಕಾಶ.

"ಇದು ಬಿದ್ದೈತೇನ್ರಿ?" ಎಂದು ಅಲ್ಲಿ ಕಸ ಹೊಡೆಯುತ್ತಿದ್ದ ಮುದುಕನನ್ನು ಕೇಳಿದಳು. ಹೆಸರು ತಾತ್ಯಾಸಾಹೇಬ.

"ಬಿದ್ದಿಲ್ಲವ್ವ. ಕಟ್ಟಿದ್ದ ಹಂಗ. ಸ್ವರ್ಗಮಂಟಪ ಅಂತಾರ. ಎಲ್ಲಿಯವರು?"

"ಇಚಲಕರಂಜಿ."

"ಇಚಲಕರಂಜಿಯಿಂದ ಒಬ್ಬರು ಬರತಿದ್ರು. ಮಗ್ಗದವರು. ಪ್ಲಾಸ್ಟಿಕ್ ತುಂಡಿನಾಗ ಈ ಗುಡಿ ಮಾಡತೇನಿ ಅಂತ ಗೇಣು ಹಾಕಿ ಅಳೀತಿದ್ರು. ಈಚೆಗೆ ಕಂಡಿಲ್ಲ."

ಮುದುಕ ಕಸಬರಿಗೆಯನ್ನು ಕಂಬಕ್ಕೆ ಒರಗಿಸಿದ.

"ಭಾಳ ನಗಸತಿದ್ರು. ಇಲ್ಲಿ ನಂದಿ ಇಲ್ಲ ನೋಡ್ರಿ. ನಂದಿ ಹೊಳಿ ಆಚೆ, ಯಡೂರಾಗ ಐತಿ ಅಂತಾರ. ಆದ್ರ ಅವರು ಅಂದ್ರು, ತಾತ್ಯಾ, ನಾ ಒಂದು ನಂದಿ ಮಾಡೇ ಬಿಟ್ಟೇನಿ. ಮನ್ಯಾಕಿ ಬಿಡವಲ್ಲಳು. ದೇವರು ಸಿಟ್ಟಾದ್ರ ಆಗಲಿ, ಆಕಿ ಸಿಟ್ಟಾಗೋದು ಬ್ಯಾಡ."

ಆ ಗಂಟಿನ ನಾಲ್ಕು ಮೋಟು, ಕಾಲು. ಮೇಲಿನ ಉಬ್ಬು, ಹೋರಿಯ ಇಣಿ. ತಲೆ ಚೀಲದೊಳಗೆ ಮುರಿದಿತ್ತು.

ಅವಳು ಒಂದು ಕಂಬ ಹಿಡಿದು ಕೂತಳು. ತಾತ್ಯಾ ನೀರು ತಂದುಕೊಟ್ಟ. ಕುಡಿಯಲಿಲ್ಲ.

ಮನೆಗೆ ಬಂದು ಚಾವಣಿ ಬಿಚ್ಚಿದಳು. ತೂತು ತೆರೆಯಿತು. ಆ ತುಂಡುಗಳನ್ನು ಹಾಸಿಕೊಂಡು ನಂದಿ ಮಾಡಲು ನೋಡಿದಳು. ನಾಯಿಯಂತಾಯಿತು, ಮಣೆಯಂತಾಯಿತು. ಹಲ್ಲಿನ ಗುರುತು ಮಾತ್ರ ಎಲ್ಲದರ ಮೇಲೂ ಇತ್ತು. ಅವನ ಕೈ ಯಾವುದರ ಮೇಲೂ ಇರಲಿಲ್ಲ.

ದೀಪಾವಳಿಗೆ ಕಿಲ್ಲಾದ ಪಕ್ಕ ಗುಡಿ ಇಟ್ಟರು. ದುಂಡವ್ವ ಸಿಟ್ಟು ಮರೆತು ಗಡಹಿಂಗ್ಲಜದಿಂದ ಬಂದಿದ್ದಳು. ಸುತ್ತ ತಿರುಗಿ ನೋಡಿದಳು.

"ನನ್ನ ತಮ್ಮನ ಗುಡಿ ಚಲೋ ಆಗೇತಿ. ಆದ್ರ ನಂದಿ ಎಲ್ಲೈತಿ ಕಲ್ಲವ್ವ? ಮರತಿಯೇನು?"

ಕಲ್ಲವ್ವನ ಉಡಿಯಲ್ಲಿ ಆ ತುಂಡುಗಳಿದ್ದವು. ಸೆರಗಿನ ಮೇಲಿಂದ ಮುಷ್ಟಿಯಲ್ಲಿ ಬಿಗಿಹಿಡಿದಳು.

"ಅಲ್ಲಿ ನಂದಿ ಇಲ್ರಿ ಅಕ್ಕಾರ," ಅಂದಳು.