ಕೊಳ್ಳಬೇಡಿ ಎಂದಿದ್ದ ಡಿಸ್ಕು

ಹತ್ತು ವರ್ಷದ ಹಿಂದಿನ ಮಾತು. ಆಗ ನಾನು ಯಾದಗಿರಿಯ ಒಂದು ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಮಂಗಳವಾರ ಶಹಾಪುರ, ಗುರುವಾರ ಸುರಪುರದಲ್ಲಿ ಕ್ಯಾಂಪು. ಆಡಿಯಾಲಜಿಸ್ಟ್ ಎಂದರೆ ಕಿವಿಗೆ ಆಪರೇಷನ್ ಮಾಡುವ ಡಾಕ್ಟರಲ್ಲ. ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆದು, ಬೇಕಾದವರಿಗೆ ಶ್ರವಣಯಂತ್ರ ಹೊಂದಿಸಿಕೊಡುವವರು. ಇದನ್ನು ವಿವರಿಸಿ ವಿವರಿಸಿ ಸಾಕಾಗಿ, ಜನ ಇಟ್ಟ ‘ಕಿವಿ ಮಶೀನ್ ಮೇಡಂ’ ಎಂಬ ಹೆಸರಿಗೇ ಒಗ್ಗಿಹೋಗಿದ್ದೆ. ಎಷ್ಟೋ ಜನರ ಕಿವಿ ನೋಡಿದ್ದೇನೆ, ಆದರೆ ಖಾಜಾ ಮಾಸ್ತರರಿಗೆ ಇವತ್ತಿಗೂ ಋಣಿ.

ಮಾಸ್ತರರು ಸುರಪುರದವರು, ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಸಂಜೆಯಾದರೆ ತಂಬೂರಿ ಹಿಡಿದು ಹಾಡಿಕೊಳ್ಳಲೇಬೇಕು. ವಯಸ್ಸಾಗಿ ಕಿವಿ ಮಂದವಾದಾಗ ಮಗಳು ರೆಹಾನಾ ಅವರನ್ನು ಕ್ಯಾಂಪಿಗೆ ಕರೆತಂದಳು. ಅವಳು ಕೆಂಭಾವಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ನಾನು ಡಿಜಿಟಲ್ ಯಂತ್ರ ಹಾಕಿಕೊಟ್ಟೆ. ಮರುವಾರವೇ ಬಂದು, “ಸೊಸಿ ಅಡಿಗಿಮನ್ಯಾಗ ನನ್ನ ಬೈಯೋದೂ ಕೇಳ್ಸಾಕತ್ತದ್ರಿ ಮೇಡಂ!” ಎಂದು ಎಲ್ಲರನ್ನೂ ನಗಿಸಿ ಹೋದರು.

ತಿಂಗಳಾಗುವಷ್ಟರಲ್ಲಿ ಮತ್ತೆ ಬಂದರು. ಈ ಸಲ ಮುಖದಲ್ಲಿ ನಗು ಇರಲಿಲ್ಲ. ಯಂತ್ರದ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟರು.

“ವಾಪಸ್ ತಗೋರಿ. ಮಾತು ಕೊಟ್ರಿ, ರಾಗ ಕಸ್ಗೊಂಡ್ರಿ.”

ಯಂತ್ರ ಹಾಕಿಕೊಂಡರೆ ತಂಬೂರಿ ಎರಡು ಕ್ಷಣ ಕೇಳಿ ಎಲ್ಲೋ ದೂರ ಹೋಗುತ್ತದಂತೆ. ತೆಗೆದಿಟ್ಟರೆ ಸ್ವರವೇ ತಿಳಿಯದು. “ಬೇಸೂರ್ ಹಾಡಾಕ ನಾಚ್ಕಿ ಬರ್ತದ್ರಿ. ಮುಂದಿನ ಶುಕ್ರವಾರ ಅಕ್ಕನ ಮಗ ಕಲಬುರಗಿಯಿಂದ ಬರ್ತಾನ. ತಂಬೂರಿ ಅವನ ಕೈಯಾಗ ಕೊಟ್ಟು ಕಳಿಸ್ತೀನಿ. ಮನ್ಯಾಗ ಇದ್ರ ನೋಡಾಕ ಆಗವಲ್ದು.”

ಹಿಂದೆ ನಿಂತಿದ್ದ ರೆಹಾನಾಳ ಕಣ್ಣು ತುಂಬಿತ್ತು. ಬ್ಯಾಗಿನಿಂದ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ತೆಗೆದಳು. ಶಾಸ್ತ್ರೀಯ ಸಂಗೀತದ ಯಾವ ಧ್ವನಿಮುದ್ರಿಕೆ ಕೊಳ್ಳಬೇಕು, ಯಾವುದು ಬೇಡ ಎಂದು ನಕ್ಷತ್ರ ಹಾಕಿ ಹೇಳುವ ಕೈಪಿಡಿ. “ಹಳೇ ಕ್ಯಾಸೆಟ್ ಸವದಾವ, ಅದಕ್ಕ ಅಬ್ಬಾಗ ಕೇಳ್ಸವಲ್ದು ಅನ್ಕೊಂಡ್ನಿ ಮೇಡಂ. ಇದ್ರಾಗ ಐದು ನಕ್ಷತ್ರ ಇದ್ದವೇ ನೋಡಿ ನೋಡಿ ಡಿಸ್ಕ್ ತರ್ಸೀನಿ. ಒಂದೂ ಹತ್ತಲಿಲ್ಲ.”

ಯಂತ್ರ ಏನು ಮಾಡುತ್ತಿತ್ತು ಎಂಬುದು ನನಗೆ ಆಗ ಹೊಳೆಯಿತು. ಅದರಲ್ಲಿ ‘ನಾಯ್ಸ್ ರಿಡಕ್ಷನ್’ ಎಂಬ ವ್ಯವಸ್ಥೆ ಇರುತ್ತದೆ. ಫ್ಯಾನಿನ ಹಾಗೆ ಒಂದೇ ಸಮ ಮೊಳಗುವ ಶಬ್ದವನ್ನು ಗದ್ದಲವೆಂದು ತಿಳಿದು ತಗ್ಗಿಸುತ್ತದೆ. ತಂಬೂರಿಯೂ ಒಂದೇ ಸಮ ಮೊಳಗುವುದೇ ತಾನೆ! ಪಾಪ, ಯಂತ್ರಕ್ಕೇನು ಗೊತ್ತು ಷಡ್ಜ? ಯಂತ್ರ ತಾನೇ ಕುಂಯ್ ಎಂದು ಸೀಟಿ ಹೊಡೆಯದಂತೆ ತಡೆಯಲು ಇನ್ನೊಂದು ವ್ಯವಸ್ಥೆಯೂ ಇರುತ್ತದೆ. ಗಾಯಕ ಸ್ವರ ಹಿಡಿದು ನಿಂತರೆ ಅದು ಆ ಸ್ವರವನ್ನೂ ಯಂತ್ರದ ಸೀಟಿಯೆಂದು ತಿಳಿದು ಕತ್ತು ಹಿಸುಕುತ್ತಿತ್ತು. ಇವೆರಡನ್ನೂ ಆಫ್ ಮಾಡಿ, ಸಂಗೀತಕ್ಕೆಂದೇ ಇನ್ನೊಂದು ಪ್ರೋಗ್ರಾಂ ಹಾಕಿದೆ. ರೆಹಾನಾ ತಂದಿದ್ದ ಐದು ನಕ್ಷತ್ರದ ಡಿಸ್ಕನ್ನು ಹಚ್ಚಿದೆವು.

ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. “ತಂಬೂರಿ ನಿಂತದರಿ, ಆದ್ರ ಎಲ್ಲಾ ಕಲಸಿಹೋಗ್ಯಾವ. ಬಾವ್ಯಾಗ ಕುಂತು ಹಾಡಿದಂಗ ಅದ.”

ನಾನು ಕೈಪಿಡಿಯಲ್ಲಿ ಆ ಡಿಸ್ಕಿನ ಪುಟ ತೆರೆದೆ. ಸಭಾಂಗಣದ ಗುಂಗು ಅದ್ಭುತವೆಂದು ಕೈಪಿಡಿಯವನು ಮೆಚ್ಚಿದ್ದ. ಗುಂಗಂತೆ! ಮಂದ ಕಿವಿಗೆ ಪ್ರತಿಧ್ವನಿಗಿಂತ ದೊಡ್ಡ ಶತ್ರು ಇಲ್ಲ. ನನಗೆ ಸಿಟ್ಟೇ ಬಂತು. ಪುಟ ತಿರುವಿದಷ್ಟೂ ಕಂಪನಿ, ನಂಬರು, ನಕ್ಷತ್ರ, ಹೊಗಳಿಕೆ. ಹಾಡುವವರು ಮೈಕಿಗೆ ಎಷ್ಟು ಹತ್ತಿರ, ತಂಬೂರಿ ಎಷ್ಟು ಜೋರು, ಶ್ರುತಿ ಯಾವುದು, ತಬಲಾ ದನಿಯನ್ನು ಮುಚ್ಚುತ್ತದೋ ಇಲ್ಲವೋ, ಇವು ಬಹುತೇಕ ಎಲ್ಲೂ ಇಲ್ಲ. ಬರೆದವನು ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರಿನಲ್ಲಿ ಕೇಳಿರಬೇಕು. ಅವನ ಕಿವಿಗೆ ಹಿತವಾದದ್ದು ಊರಿಗೆಲ್ಲ ಹಿತವೆಂದು ನಂಬಿಬಿಟ್ಟಿದ್ದ.

“ಐದು ನಕ್ಷತ್ರ ಬಿಡು ರೆಹಾನಾ,” ಎಂದೆ. “ಆ ಪುಸ್ತಕದವ ಬೈದಿದ್ದು ಎಲ್ಲೆಲ್ಲಿ ಅದ, ಓದು ನೋಡೂಣು.”

ಅವಳು ಹುಡುಕಿ ಹುಡುಕಿ, ತನ್ನದೇ ಮಾತಿನಲ್ಲಿ ಓದಿ ಹೇಳತೊಡಗಿದಳು. ಒಂದು ಪುಟದಲ್ಲಿ ನಿಂತಳು. “ಇಲ್ಲೊಬ್ಬಾಕಿ ಹಾಡ್ಯಾಳ, ಯಮನ್ ರಾಗ. ಒಂದೇ ನಕ್ಷತ್ರ. ಒಣಾ ಒಣಾ ಅದ, ಕಿವ್ಯಾಗ ಬಾಯಿ ಇಟ್ಟು ಹಾಡಿದಂಗ ಅದ, ತಂಬೂರಿ ಅಂತೂ ಎದ್ದು ಬಡೀತದ, ತೊಗೋಬ್ಯಾಡ್ರಿ ಅಂತಾನ...” ಅಷ್ಟರಲ್ಲಿ ತಾನೇ ಬಾಯಿ ಮೇಲೆ ಕೈ ಇಟ್ಟುಕೊಂಡಳು. “ಯಾ ಅಲ್ಲಾ! ನಮಗ ಅದೇ ಬೇಕಲ್ರಿ ಮೇಡಂ!”

ಮಂಗಳವಾರ ಶಹಾಪುರದ ಕ್ಯಾಂಪು ಮುಗಿಸಿ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋದೆ. ಹಿಂದೆ ಕ್ಯಾಸೆಟ್ ಅಂಗಡಿಯಾಗಿದ್ದದ್ದು, ಆಗ ಮೊಬೈಲ್ ಕವರು ಮಾರುತ್ತಿತ್ತು. ಮಾಲೀಕ ಅಟ್ಟದ ಮೇಲಿನ ಡಬ್ಬ ಇಳಿಸಿ ತಡಕಾಡಿ, ಧೂಳು ಒರೆಸಿ ಅದೇ ಡಿಸ್ಕನ್ನು ಕೈಗಿತ್ತ. “ಇದನ್ಯಾಕ ಒಯ್ತೀರಿ ಮೇಡಂ? ಯಾರೂ ಮೂಸಿ ನೋಡಿಲ್ಲ,” ಎಂದ. ಅವನ ಕೈ ಹಿಡಿದು ಕುಲುಕಿಬಿಟ್ಟೆ. ಗಾಬರಿಯಾದ, ಪಾಪ.

ಗುರುವಾರ ಸುರಪುರ. ಬಿಸಿಲು ಬೆಂಕಿಯಂತಿತ್ತು, ಆದರೂ ಫ್ಯಾನ್ ಆಫ್ ಮಾಡಿಸಿದೆ. ಡಿಸ್ಕು ತಿರುಗಿತು. ಮಾಸ್ತರರು ಅಲ್ಲಾಡಲಿಲ್ಲ. ಇದೂ ಹೋಯಿತೇ ಎಂದುಕೊಂಡೆ. ರೆಹಾನಾ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಆಮೇಲೆ ಅವರ ತುಟಿ ಸ್ವಲ್ಪ ತೆರೆಯಿತು, ಸಣ್ಣಗೆ ಒಂದು ಸ್ವರ ಹೊರಟಿತು. ಮೊದಲು ಸ್ವಲ್ಪ ಕೆಳಗಿತ್ತು. ಮಾಸ್ತರರು ಅದನ್ನು ತಾವೇ ಮೇಲೇರಿಸಿ ತಂಬೂರಿಗೆ ಕೂಡಿಸಿದರು.

“ಸಾ ಸಿಕ್ತು ಬೇಟಿ,” ಎಂದರು. ಅದುವರೆಗೆ ನನ್ನನ್ನು ಮೇಡಂ ಎಂದೇ ಕರೆದವರು.

ಆಮೇಲೆ ಡಿಸ್ಕಿನ ಜೊತೆಗೇ ಹಾಡಿದರು. ಹೊರಗೆ ಸರದಿಯಲ್ಲಿ ಕುಳಿತವರೆಲ್ಲ ಸುಮ್ಮನಾದರು. ಕಕ್ಕೇರಾದಿಂದ ಬಂದಿದ್ದ ಅಜ್ಜಿಯೊಬ್ಬಳು ಮಾತ್ರ, ಏನೂ ಕೇಳಿಸದೆ, “ಯಾಕ, ಎಲ್ಲಾರೂ ಬಾಯಿ ಮುಚ್ಗೊಂಡು ಕುಂತೀರಿ?” ಎಂದು ಜೋರಾಗಿ ವಿಚಾರಿಸುತ್ತಿದ್ದಳು. ನಾನು ನಗುತ್ತಲೇ ಅತ್ತೆ.

ಆವತ್ತಿನಿಂದ ನನ್ನ ಕೆಲಸದ ರೀತಿ ಬದಲಾಯಿತು. ಯಂತ್ರ ಹೊಂದಿಸುವ ಮೊದಲು, “ನಿಮಗ ಏನು ಕೇಳಬೇಕಾಗ್ಯದ?” ಎಂದು ಕೇಳುತ್ತೇನೆ. ಒಬ್ಬರಿಗೆ ಅಜಾನ್ ಬೇಕು, ಇನ್ನೊಬ್ಬರಿಗೆ ಮೊಮ್ಮಗನ ಫೋನು. ಕೊಡೇಕಲ್ಲಿನ ಒಬ್ಬಾಕೆಗೆ ಕುಕ್ಕರಿನ ಸೀಟಿ ಕೇಳಿಸಿದರೆ ಸಾಕಾಗಿತ್ತು. ಅಳತೆಯ ಗ್ರಾಫು ಇದನ್ನೆಲ್ಲ ಹೇಳುವುದಿಲ್ಲ, ನಕ್ಷತ್ರಗಳೂ ಹೇಳುವುದಿಲ್ಲ. ಆ ಕೈಪಿಡಿ ಬರೆದವನ ಮೇಲಿನ ಸಿಟ್ಟು ಮಾತ್ರ ಇಳಿದುಹೋಯಿತು. ಒಂದು ನಕ್ಷತ್ರ ಹಾಕಿ ಸುಮ್ಮನಾಗದೆ, ಯಾಕೆ ಹಿಡಿಸಲಿಲ್ಲ ಎಂದು ಬಿಡಿಸಿ ಬರೆದಿದ್ದನಲ್ಲ, ಆ ಎರಡು ಸಾಲಿಗೆ ನಾನು ಕೃತಜ್ಞಳು.

ಮರುವಾರ ಕ್ಯಾಂಪಿಗೆ ಮಾಸ್ತರರು ಮಿಠಾಯಿ ಹಿಡಿದುಕೊಂಡು ಬಂದರು. ನಾನು ಕಾಲೆಳೆದೆ: “ಏನ್ರಿ ಮಾಸ್ತರ, ಅಕ್ಕನ ಮಗ ಪಾಪ ಅಷ್ಟು ದೂರದಿಂದ ಬಂದು ಬರಿಗೈಲೆ ಹೋದನೇನು?”

“ಬರಿಗೈಲೆ ಯಾಕ ಹೋಗ್ತಾನ್ರಿ?” ಎಂದರು ಮಾಸ್ತರರು. “ತಂಬೂರಿ ಅವನ ಕೈಯಾಗೇ ಕೊಟ್ನಿ. ಮೀಟು ಅಂದ್ನಿ. ನಾ ಹಾಡಿದ್ನಿ.”