ಮೊದಲ ತಟ್ಟೆ

ಹಿರೇಕೆರೂರಿನ ಆ ಪಡಸಾಲೆಯಲ್ಲಿ ನಡೆದದ್ದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆಂದರೆ, ಈಗ ನನ್ನ ಬಳಿ ಉಳಿದಿರುವುದು ನಡೆದದ್ದೋ ತಿರುವಿ ಹಾಕಿದ್ದೋ ಹೇಳಲಾರೆ. ಚಳಿಗಾಲವಿತ್ತೆಂದು ನೆನಪು. ನನಗೆ ಬೆವರು ಇಳಿಯುತ್ತಿದ್ದದ್ದೂ ನೆನಪಿದೆ. ಎರಡೂ ನಿಜವಿರಬಹುದು. ಹುಡುಗಿ ನಕ್ಕಳೆಂದು ನೆನಪು. ನಕ್ಕಳೋ, ಒಳಮನೆಯ ಕತ್ತಲೆಯಿಂದ ಬೆಳಕಿಗೆ ಬಂದವಳು ಕಣ್ಣು ಕಿರಿದು ಮಾಡಿದಳೋ, ಆಣೆ ಮಾಡಿ ಹೇಳು ಎಂದರೆ ಹೇಳಲಾರೆ. ಧಾರವಾಡದಲ್ಲಿ, ಆಮೇಲೆ ಪುಣೆಯಲ್ಲಿ ನಾನು ಕಲಿತದ್ದು ತರ್ಕಶಾಸ್ತ್ರ. ಯಾವ ವಿಷಯದಲ್ಲಿ ಸಾಕ್ಷಿಗೆ ಸ್ವಂತ ಹಿತವಿದೆಯೋ ಆ ವಿಷಯದಲ್ಲಿ ಅವನ ಮಾತನ್ನು ಅರ್ಧ ಮಾತ್ರ ನಂಬಬೇಕೆಂದು ಅಲ್ಲಿ ಕಲಿಸಿದ್ದರು. ಇಲ್ಲಿ ಸಾಕ್ಷಿ ನಾನೊಬ್ಬನೇ. ನನಗೆ ಹೊಟ್ಟೆಕಿಚ್ಚೂ ಇತ್ತು.

ಹೊಟ್ಟೆಕಿಚ್ಚು ನನ್ನ ದೊಡ್ಡವ್ವನ ಮಗನ ಮೇಲೆ. ದೊಡ್ಡವ್ವನನ್ನು ಸವಣೂರಿಗೆ ಕೊಟ್ಟಿದ್ದರು. ಅವರದು ಎಲೆಬಳ್ಳಿಯ ತೋಟ. ಅಣ್ಣ ನನಗಿಂತ ತುಸು ದೊಡ್ಡವನು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ನಪಾಸಾಗಿ, ಅದರ ಬಗ್ಗೆ ಒಂದು ದಿನವೂ ದುಃಖಪಡದೆ ತೋಟಕ್ಕೆ ಇಳಿದಿದ್ದ. ಚಿಕ್ಕಂದಿನಲ್ಲಿ ಸಿಡುಬು ಬಂದು ಅವನ ಮುಖದ ತುಂಬ ಕಲೆಗಳಿದ್ದವು. ಬಣ್ಣ ಕಪ್ಪು, ಧ್ವನಿ ಒಡಕು. ಇಷ್ಟಿದ್ದೂ ಅವನು ತಾನು ಬಹಳ ಚೆಂದ ಇದ್ದೇನೆಂದು ತಿಳಿದಿದ್ದ. ತೋರಿಕೆಗಲ್ಲ, ಒಳಗಿನಿಂದಲೇ ಹಾಗೆ ತಿಳಿದಿದ್ದ. ನನ್ನನ್ನು ಕೆಣಕುತ್ತಿದ್ದದ್ದು ಇದೇ.

ಸೂಟಿಯಲ್ಲಿ ನಾನು ಹಾನಗಲ್ಲಿನಿಂದ ಅವರ ಮನೆಗೆ ಹೋದಾಗ ಬೆಳಗಿನ ಈ ನೋಟ ತಪ್ಪುತ್ತಿರಲಿಲ್ಲ. ಸ್ನಾನ, ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅಡ್ಡಗೋಡೆಗೆ ನೇತುಹಾಕಿದ ಅಂಗೈಯಗಲದ ಕನ್ನಡಿಯ ಮುಂದೆ ನಿಲ್ಲುವನು. ಮುಖವನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿಕೊಂಡು, ಬೇಕಾದ ನೆಂಟರು ಮನೆಗೆ ಬಂದಾಗ ನಗುವ ಹಾಗೆ ನಗುವನು.

"ಮುಂಜಾನೆದ್ದು ಮೊದಲ ನನ್ನ ಮಾರಿ ನೋಡಕೊಂಡ್ರ ದಿನಾ ಛಲೋ ಹೊಕ್ಕೈತಿ, ತಮ್ಮಾ," ಎಂದು ಒಮ್ಮೆ ಹೇಳಿದ. "ನೀನೂ ನೋಡಕೊ. ಏನ್ ಕಡಿಮಿ ಅದೀ?"

ನಾನು ನೋಡಿಕೊಂಡೆ. ನನಗೆ ಕಂಡದ್ದು ಮೂಗಿನ ಮೇಲಿನ ಚಾಳೀಸು, ಉದ್ದ ಕುತ್ತಿಗೆ, ಮತ್ತು ಏನೋ ತಪ್ಪು ಹುಡುಕುತ್ತಿರುವ ಎರಡು ಕಣ್ಣು. ನಾನು ಅವನಿಗಿಂತ ಬೆಳ್ಳಗಿದ್ದೆ, ಕಲಿತವನಿದ್ದೆ, ಊರಲ್ಲಿ ನನ್ನನ್ನು ಜನ ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಆದರೂ ಆ ಕನ್ನಡಿಯ ಮುಂದೆ ಅವನಿಗೆ ಸಿಗುತ್ತಿದ್ದದ್ದು ನನಗೆ ಸಿಗುತ್ತಿರಲಿಲ್ಲ. ಹೊಲ, ತೋಟವಾದರೆ ಪಾಲು ಕೇಳಬಹುದು. ಇದರಲ್ಲಿ ಪಾಲು ಕೇಳುವುದು ಹೇಗೆ?

ನನಗೆ ಕನ್ಯೆ ನೋಡಲು ಹಿರೇಕೆರೂರಿಗೆ ಹೋದದ್ದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚೆ. ಸವಾರಿ ಬಂಡಿಯಲ್ಲಿ ಅಪ್ಪ, ಅಣ್ಣ, ನಾನು. ಅಣ್ಣನಿಗೆ ಆಗಲೇ ಮದುವೆಯಾಗಿ ಒಂದು ಮಗುವಿತ್ತು. ಆದರೂ ಕೆಂಪು ರುಮಾಲು ಸುತ್ತಿಕೊಂಡು ತಾನೇ ವರನೆಂಬಂತೆ ಬಂಡಿಯಿಂದ ಮೊದಲು ಇಳಿದ. ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ನಾನು ಹುಡುಗಿಗೆ ಕೇಳಬೇಕೆಂದು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೆ, ಎಷ್ಟನೆಯ ಇಯತ್ತೆಯವರೆಗೆ ಕಲಿತಿದ್ದೀರಿ ಎಂದು. ದಾರಿಯುದ್ದಕ್ಕೂ ಅದನ್ನು ಮನಸ್ಸಿನಲ್ಲೇ ಹೇಳಿ ನೋಡಿದ್ದೆ.

ಹುಡುಗಿ ಒಗ್ಗರಣೆ ಅವಲಕ್ಕಿಯ ತಟ್ಟೆ ಹಿಡಿದು ಬಂದಳು. ನಮ್ಮ ಹಾನಗಲ್ಲಿನ ಮನೆಗಳಲ್ಲಿ ನಾನು ಕಂಡ ಮಟ್ಟಿಗೆ ಇಂಥ ಹೊತ್ತಿನಲ್ಲಿ ಮೊದಲ ತಟ್ಟೆ ವರನಿಗೆ. ಹುಡುಗಿ ಅದನ್ನು ಅವನ ಮುಂದೆ ಇಟ್ಟರೆ ಅವಳಿಗೆ ಮನಸ್ಸಿದೆ ಎಂದು ಹೆಂಗಸರು ಒಳಗೆ ಮಾತಾಡಿಕೊಳ್ಳುವರು. ನಾನು ಚಾಳೀಸು ಸರಿಮಾಡಿಕೊಂಡು ಕೂತೆ. ಅವಳು ನನ್ನನ್ನು ದಾಟಿ ಹೋಗಿ ಮೊದಲ ತಟ್ಟೆಯನ್ನು ಅಣ್ಣನ ಮುಂದೆ ಇಟ್ಟಳು.

ಅವನು ಒಂದು ತುತ್ತೂ ಬಾಯಿಗೆ ಹಾಕದೆ, "ಅವಲಕ್ಕಿ ಭಾಳ ಛಲೋ ಆಗ್ಯಾವರಿ," ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಅಥವಾ ಕಣ್ಣು ಕಿರಿದು ಮಾಡಿದಳು. ಆಮೇಲೆ ನನಗೊಂದು ತಟ್ಟೆ ಬಂತು. ಅದರ ರುಚಿ ನೆನಪಿಲ್ಲ. ಪ್ರಶ್ನೆ ಕೇಳುವುದು ಮರೆತುಹೋಯಿತು.

ಸಂಬಂಧ ಕೂಡಿತು, ಲಗ್ನವಾಯಿತು. ನನಗೆ ಶಿಗ್ಗಾಂವದಲ್ಲಿ ಮಾಸ್ತರಿಕೆ ಸಿಕ್ಕಿತ್ತು, ಅಲ್ಲೇ ಬಾಡಿಗೆ ಮನೆ ಮಾಡಿದೆವು. ಹೆಂಡತಿ ನಾಲ್ಕನೆಯ ಇಯತ್ತೆಯವರೆಗೆ ಕಲಿತಿದ್ದಳು; ಲಗ್ನವಾಗಿ ಎಷ್ಟೋ ದಿನದ ಮೇಲೆ ಕೇಳಿ ತಿಳಿದೆ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ನೇರ. ನನ್ನನ್ನು ಅಕ್ಕರೆಯಿಂದಲೇ ನೋಡಿಕೊಂಡಳು. ಆ ಅಕ್ಕರೆ ಕಂಡಾಗಲೆಲ್ಲ ನಾನು ಅದರ ಹಿಂದೆ ಏನಿದೆ ಎಂದು ನೋಡುತ್ತಿದ್ದೆ. ಬೇರೆಯವರ ಮುಂದೆ ಮೊದಲ ತಟ್ಟೆ ಇಟ್ಟವಳು ನನ್ನನ್ನು ಒಪ್ಪಿದ್ದು ಬೇರೆ ದಾರಿಯಿಲ್ಲದೆ ಇರಬೇಕು. ಇದು ನನ್ನ ಸಿದ್ಧಾಂತ. ಇದನ್ನು ಅವಳ ಮುಂದೆ ಎಂದೂ ಬಾಯಿಬಿಟ್ಟು ಹೇಳಲಿಲ್ಲ.

ಅಣ್ಣ ಎಲೆಯ ಬಂಡಿಯ ಜೊತೆ ಹುಬ್ಬಳ್ಳಿಗೆ ಹೋಗುವಾಗ ನಮ್ಮಲ್ಲಿ ಇಳಿಯುತ್ತಿದ್ದ. ಎಲೆಯ ಒಂದು ಕಟ್ಟು, ಸವಣೂರಿನ ಖಾರದ ಒಂದು ಪೊಟ್ಟಣ ತಪ್ಪದೆ ತರುತ್ತಿದ್ದ. ಯುದ್ಧದ ದಿನಗಳು. ಸೀಮೆಎಣ್ಣೆಗೂ ಸಕ್ಕರೆಗೂ ಚೀಟಿ ಹಿಡಿದು ನಿಲ್ಲಬೇಕಿತ್ತು, ಎಲ್ಲರ ಮುಖ ಬಾಡಿತ್ತು. ಇವನು ಮಾತ್ರ ಒಳಗೆ ಕಾಲಿಡುತ್ತಲೇ, ಇಂಥ ಎಲೆ ಇಡೀ ನವಾಬರ ಸೀಮೆಯಲ್ಲಿ ಇನ್ನೊಬ್ಬರ ತೋಟದಲ್ಲಿಲ್ಲ, ಇಂಥ ಒಡೆಯನೂ ಇಲ್ಲ ಎಂದು ತನ್ನನ್ನು ಹೊಗಳಿಕೊಳ್ಳಲು ಶುರು ಮಾಡುತ್ತಿದ್ದ. ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡು ನಗುವಳು. ನಾನು ಹುಡುಗರ ಪೇಪರು ತಿದ್ದುವ ನೆಪದಲ್ಲಿ ಒಳಗೆ ಕೂತು, ಅವಳು ಎಷ್ಟು ಹೊತ್ತು ನಕ್ಕಳೆಂದು ಕಿವಿಗೊಡುತ್ತಿದ್ದೆ. ಸರಿಯಿದ್ದ ಉತ್ತರಕ್ಕೂ ಕೆಂಪು ಗೆರೆ ಎಳೆದಿರಬೇಕು.

ಆ ಕಾಲಕ್ಕೆ ಪುಣೆಯ ಹಳೆಯ ಪುಸ್ತಕದ ಅಂಗಡಿಯಿಂದ ತಂದ ಒಂದು ಇಂಗ್ಲಿಷ್ ಪುಸ್ತಕ ನನ್ನಲ್ಲಿತ್ತು. ಸುಖವಾಗಿರಬೇಕೆನ್ನುವವನು ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ತನ್ನ ಬಗ್ಗೆ ತಾನೇ ನಾಲ್ಕು ಒಳ್ಳೆಯ ಮಾತು ಗಟ್ಟಿಯಾಗಿ ಹೇಳಿಕೊಳ್ಳಬೇಕೆಂದು ಅದರಲ್ಲಿತ್ತು. ನನಗೆ ಇಂಥದರಲ್ಲಿ ನಂಬಿಕೆಯಿಲ್ಲ. ಆದರೆ ಸವಣೂರಿನ ತೋಟಿಗನೊಬ್ಬ ಪುಸ್ತಕವಿಲ್ಲದೆ ಮಾಡುವುದನ್ನು ನಾನು ಪುಸ್ತಕವಿಟ್ಟುಕೊಂಡು ಮಾಡಲಾರೆನೇ ಎಂಬ ಹಟ ಬಂತು. ಹೆಂಡತಿ ನೀರಿಗೆ ಹೋದಾಗ ಕನ್ನಡಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಒಂದು ದಿನ ಅವಳು ಬೇಗ ಬಂದುಬಿಟ್ಟಳು. ಕೊಡ ಸೊಂಟದ ಮೇಲೆ ಹಾಗೇ ಇತ್ತು.

"ಯಾರನ್ನ ಬೈಯಾಕತ್ತೀರಿ?" ಎಂದಳು.

ಯಾರನ್ನೂ ಅಲ್ಲ ಎಂದೆ. ಅವಳು ಕೊಡ ಇಳಿಸುತ್ತ, ಯಾರನ್ನಾದರೂ ಬೈಯುವುದಿದ್ದರೆ ಕನ್ನಡದಲ್ಲೇ ಬೈಯಿರಿ, ಅವರಿಗೂ ತಿಳಿಯಲಿ ಎಂದಳು. ಪುಸ್ತಕ ಟ್ರಂಕಿಗೆ ಹೋಯಿತು.

ಮಾತು ಹೊರಬಿದ್ದದ್ದು ಯುದ್ಧ ಮುಗಿಯುವ ಕಾಲಕ್ಕೆ ಎಂದು ಕಾಣುತ್ತದೆ. ಅಣ್ಣ ಬಂದಿದ್ದ. ಇಬ್ಬರೂ ಊಟಕ್ಕೆ ಕೂತೆವು. ಅವಳು ಮೊದಲು ಅವನಿಗೆ ರೊಟ್ಟಿ ಬಡಿಸಿದಳು. ಬಂದ ನೆಂಟನಿಗೆ ಮೊದಲು ಬಡಿಸುವುದು ಯಾವ ಮನೆಯಲ್ಲೂ ತಪ್ಪಲ್ಲ, ನನಗೆ ಗೊತ್ತು. ಗೊತ್ತಿದ್ದೂ ನಾನು, ಹಸಿವಿಲ್ಲ ಎಂದು ಎದ್ದೆ. ಅಣ್ಣ ನನ್ನ ಪಾಲಿನ ಪಲ್ಯವನ್ನೂ ಸಂತೋಷದಿಂದ ಮುಗಿಸಿ, ತನ್ನನ್ನು ತಾನೇ ಹರಸಿಕೊಂಡು ಹೋದ. ಅವನಿಗೆ ಏನೂ ತಿಳಿಯಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಅವನು ಹೋದ ಮೇಲೆ ಅವಳು ಏನಾಯಿತೆಂದು ಕೇಳಿದಳು. ನಾನು ಹುಡುಗರ ಪೇಪರಿನ ಕಟ್ಟು ಬಿಚ್ಚತೊಡಗಿದೆ. ಮತ್ತೆ ಕೇಳಿದಳು.

"ಅವತ್ತೂ ಅವಗ ಮೊದಲ ಕೊಟ್ಟಿ," ಎಂದೆ.

"ಯಾವತ್ತು?"

"ನಾ ನಿನ್ನ ನೋಡಾಕ ಬಂದಾಗ. ಮೊದಲನೇ ತಟ್ಟಿ."

ಅವಳು ನಗುತ್ತಾಳೆಂದು ನಾನು ತಿಳಿದಿದ್ದೆ. ನಗಲಿಲ್ಲ. ಬಾಗಿಲಿನ ಚೌಕಟ್ಟಿಗೆ ಆನಿಕೊಂಡು ನಿಂತಳು. ಅವಳು ಹೇಳಿದ ಮೊದಲ ಭಾಗ ಹೀಗೆ: ಅವರ ಮನೆಯಲ್ಲಿ ವರನ ಮುಂದೆ ಮೊದಲ ತಟ್ಟೆ ಇಡುವುದಿಲ್ಲ. ಅಜ್ಜಿಯ ಕಾಲದಿಂದ ಹಾಗೇ ಬಂದಿದೆ. ಇನ್ನೂ ಮಾತು ಕೂಡದ ಗಂಡಸಿಗೆ ಹುಡುಗಿ ಮುಂದಾಗಿ ಬಡಿಸಿದರೆ ಅವಸರ ಮಾಡಿದ ಹಾಗಾಗುತ್ತದೆ. ಅದಕ್ಕೆ ಬಂದವರಲ್ಲಿ ಲಗ್ನವಾದ ಒಬ್ಬರಿಗೆ ಕೊಟ್ಟು, ಆಮೇಲೆ ವರನಿಗೆ. ಅವತ್ತು ಯಾರಿಗೆ ಕೊಡಬೇಕೆಂದು ಅವ್ವ ಒಳಗೇ ಹೇಳಿ ಕಳಿಸಿದ್ದಳಂತೆ. ಇದು ಎಲ್ಲರಿಗೂ ಗೊತ್ತಿರುತ್ತದೆಂದು ಅವಳು ತಿಳಿದಿದ್ದಳು. ನನ್ನ ಮನಸ್ಸಿನಲ್ಲಿ ಇಂಥದೊಂದು ಕೂತಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

ಎರಡನೆಯ ಭಾಗವನ್ನು ಅವಳ ಮಾತಿನಲ್ಲೇ ಬರೆಯಬೇಕು. ಇದೊಂದರಲ್ಲಿ ನನ್ನ ನೆನಪನ್ನು ನಾನು ನಂಬುತ್ತೇನೆ.

"ನಿಮಗ ನೀವ ಸೇರೂದಿಲ್ಲರಿ," ಎಂದಳು. "ಅದಕ್ಕ ನನಗ ನೀವು ಸೇರಿದ್ರೂ ನಿಮಗದು ಸುಳ್ಳ ಅನಸ್ತೈತಿ. ನಾ ಎಷ್ಟಂತ ಬಡಿಸಲಿ?"

ಸೇರುವುದೆಂದರೆ ಮನಸ್ಸಿಗೆ ಹಿಡಿಸುವುದು; ನಮ್ಮ ಕಡೆ ಊಟ ಸೇರುತ್ತದೆ, ಊರು ಸೇರುತ್ತದೆ, ಮನುಷ್ಯರೂ ಸೇರುತ್ತಾರೆ. ತನಗೆ ತಾನೇ ಸೇರಬೇಕೆಂಬುದು ನನ್ನ ಇಷ್ಟು ವರ್ಷದ ಓದಿನಲ್ಲಿ ಎಲ್ಲೂ ಬಂದಿರಲಿಲ್ಲ. ಬಂದಿದ್ದರೂ ನಾನು ಅದಕ್ಕೆ ಆಕ್ಷೇಪ ತೆಗೆದಿರುತ್ತಿದ್ದೆ. ಅವತ್ತೂ ತೆಗೆದೆ. ನೀ ಹೇಳುವ ಪದ್ಧತಿ ಖರೆ ಎಂದು ನಾನು ಹೇಗೆ ನಂಬಲಿ ಎಂದೆ.

ಅವಳ ತಂಗಿಯನ್ನು ನೋಡಲು ಮುಂದಿನ ವಾರ ಗಂಡಿನವರು ಬರುವವರಿದ್ದರು. ಅವಳು ತವರಿಗೆ ಹೊರಟಿದ್ದಳು. ನಾನು ರಜೆ ಸಿಗುವುದಿಲ್ಲ ಎಂದಿದ್ದೆ.

"ಬರ್ರಿ, ಕಣ್ಣಾರೆ ನೋಡ್ರಿ," ಎಂದಳು. "ನೋಡಿದ ಮ್ಯಾಲೂ ಹಿಂಗ ಇರಾವ್ರಿದ್ರ ನೀವೊಬ್ರ ತಿರಗಿ ಬರ್ರಿ. ನಾ ಅಲ್ಲೇ ಇರ್ತೇನಿ."

ಸಿಟ್ಟಿನ ಮಾತಲ್ಲ. ಅಕ್ಕಿ ಮುಗಿದಿದೆ ಎನ್ನುವ ಧ್ವನಿಯಲ್ಲೇ ಹೇಳಿದಳು. ಅದಕ್ಕೇ ನನಗೆ ಭಯವಾಯಿತು. ರಜೆ ಹಾಕಿದೆ.

ಸರ್ವೀಸ್ ಮೋಟಾರು ಬಸ್ಸಿನಲ್ಲಿ ಹಾನಗಲ್ಲಿಗೆ ಹೋಗಿ ಮರುದಿನ ಹಿರೇಕೆರೂರು ಸೇರುವವರೆಗೆ ನಾವು ಹೆಚ್ಚು ಮಾತಾಡಲಿಲ್ಲ. ಪದ್ಧತಿ ಸುಳ್ಳಾದರೆ ಹೆಂಡತಿಯ ಮಾತು ಸುಳ್ಳು. ಖರೆಯಾದರೆ ಇಷ್ಟು ವರ್ಷ ನಾನು ಕಾಯ್ದುಕೊಂಡು ಬಂದ ಉರಿಗೆ ಬುಡವೇ ಇರಲಿಲ್ಲ. ಎರಡರಲ್ಲಿ ಯಾವುದು ಆಗಲಿ ಎಂದು ನಾನು ಬಯಸುತ್ತಿದ್ದೆನೋ, ಪ್ರಾಮಾಣಿಕವಾಗಿ ಹೇಳುವುದಾದರೆ, ನನಗೇ ಸ್ಪಷ್ಟವಿರಲಿಲ್ಲ. ಬಹಳ ದಿನ ಜೊತೆಗಿದ್ದ ಉರಿಯೂ ಸ್ವಂತದ್ದೆನಿಸುತ್ತದೆ.

ಅದೇ ಪಡಸಾಲೆ. ಈ ಸಲ ನಾನು ಮನೆಯ ಅಳಿಯನಾಗಿ ಗೋಡೆಯ ಈ ಬದಿಗೆ ಕೂತಿದ್ದೆ. ಗಂಡಿನ ಕಡೆಯಿಂದ ಮೂವರು ಬಂದಿದ್ದರು. ವರ ತೆಳ್ಳಗಿನ ಹುಡುಗ, ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡಿದ್ದ. ಪಕ್ಕದಲ್ಲಿ ಅವನ ಅಕ್ಕನ ಗಂಡ, ದೊಡ್ಡ ಹೊಟ್ಟೆ, ದೊಡ್ಡ ಮೀಸೆ. ಇನ್ನೊಬ್ಬರು ಹುಡುಗನ ತಂದೆ. ನನ್ನ ನಾದಿನಿ ತಟ್ಟೆ ಹಿಡಿದು ಬಂದಳು. ಹುಡುಗ ನೆಟ್ಟಗೆ ಕೂತ. ಅವಳು ಅವನನ್ನು ದಾಟಿ ಹೋಗಿ ಮೀಸೆಯವರ ಮುಂದೆ ತಟ್ಟೆ ಇಟ್ಟಳು. ಅವರು ಕೈಗೆ ತೆಗೆದುಕೊಂಡು ತಿನ್ನಲು ಶುರು ಮಾಡಿಯೇಬಿಟ್ಟರು.

ಹುಡುಗನ ಮುಖ ಇಳಿಯಿತು. ಒಂದು ಕ್ಷಣ ಅಷ್ಟೇ, ಬೇರೆ ಯಾರೂ ನೋಡಿರಲಿಕ್ಕಿಲ್ಲ. ಮೀಸೆಯವರ ಕಡೆ ಅವನು ಓರೆಗಣ್ಣಿನಿಂದ ನೋಡಿದ. ಆ ನೋಟ ನನಗೆ ಚೆನ್ನಾಗಿ ಪರಿಚಿತವಾಗಿತ್ತು. ಅವನಲ್ಲಿ ನೋಡಿದರೆ ಏನೂ ಕಡಿಮೆಯಿರಲಿಲ್ಲ. ಕಣ್ಣು ಚೆನ್ನಾಗಿತ್ತು, ಮುಖದಲ್ಲಿ ಸಭ್ಯತೆಯಿತ್ತು. ಮೀಸೆಯವರ ಜೊತೆ ಹೋಲಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಇದು ಅವನಿಗೊಬ್ಬನಿಗೆ ಕಾಣುತ್ತಿರಲಿಲ್ಲ. ಒಳಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಅವಳು ಹುಡುಗಿಯನ್ನೂ ನೋಡುತ್ತಿರಲಿಲ್ಲ, ವರನನ್ನೂ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು.

ನಾನು ಕೂತಲ್ಲಿಂದ ಸರಿದು ಹುಡುಗನ ಹತ್ತಿರ ಬಾಗಿ, "ನಮ್ಮ ಮನ್ಯಾಗ ಮೊದಲನೇ ತಟ್ಟಿ ಲಗ್ನಾದವ್ರಿಗೆರಿ," ಎಂದೆ. "ಈಗ ನಿಮ್ಮದ ಬರತೈತಿ, ಸಮಾಧಾನದಿಂದ ಕುಂಡ್ರಿ."

ಅವನು ಕೋಟಿನ ಮೇಲಿನ ಗುಂಡಿ ಬಿಚ್ಚಿ ಉಸಿರು ಬಿಟ್ಟ. ತಟ್ಟೆ ಬಂತು. ಅವನು ಏನೋ ಪ್ರಶ್ನೆಯನ್ನೂ ಕೇಳಿದ, ಯಾವುದೆಂದು ನೆನಪಿಲ್ಲ. ಬಾಗಿಲಲ್ಲಿದ್ದವಳು ಒಳಗೆ ಹೋದಳು.

ಅಷ್ಟಕ್ಕೆ ನಾನು ಬದಲಾದೆ ಎಂದು ಬರೆದರೆ ಅದನ್ನು ನಾನೇ ನಂಬುವುದಿಲ್ಲ. ಅಣ್ಣ ಬಂದು ತನ್ನನ್ನು ಹೊಗಳಿಕೊಳ್ಳತೊಡಗಿದರೆ ಈಗಲೂ ನನಗೆ ಎದೆಯಲ್ಲಿ ಸಣ್ಣಗೆ ಚುರುಕ್ಕೆನ್ನುತ್ತದೆ. ಆದರೆ ಈಗ ಹೊರಗೆ ಬಂದು ಅವನ ಜೊತೆ ಕೂರುತ್ತೇನೆ, ನಗು ಬಂದರೆ ನಗುತ್ತೇನೆ. ಹೆಂಡತಿ ಅವತ್ತು ನನ್ನ ಜೊತೆಗೇ ತಿರುಗಿ ಬಂದಳು.

ಹೊರಡುವ ಮುಂಚೆ ಅತ್ತೆಯವರ ಹತ್ತಿರ ಒಂದು ಮಾತು ಕೇಳಿದೆ. ನಾನು ನೋಡಲು ಬರುವುದಕ್ಕೆ ಮೊದಲು ನಿಮ್ಮ ಮಗಳನ್ನು ನೋಡಲು ಬೇರೆಯವರು ಬಂದಿದ್ದರೇ ಎಂದು. ಇಬ್ಬರು ಬಂದಿದ್ದರು, ಇಬ್ಬರನ್ನೂ ಅವಳು ಒಲ್ಲೆ ಎಂದಳು, ಮನೆಯಲ್ಲಿ ಎಷ್ಟು ಹೇಳಿದರೂ ಕೇಳಲಿಲ್ಲ, ನೀವು ಬಂದು ಹೋದ ಮೇಲೆ ಮಾತ್ರ ಹೂಂ ಎಂದಳು ಎಂದರು. ಆ ಇಬ್ಬರು ಯಾರು, ಏನು ಮಾಡುತ್ತಿದ್ದರು, ನೋಡಲು ಹೇಗಿದ್ದರು ಎಂದು ಕೇಳಲು ನನ್ನ ನಾಲಿಗೆ ತುರಿಸಿತು. ಕೇಳಲಿಲ್ಲ. ಅತ್ತೆ ಅಳಿಯನ ಮನಸ್ಸಿಗೆ ಸಮಾಧಾನವಾಗಲೆಂದು ಹಾಗೆ ಹೇಳಿರಬಹುದೆಂಬ ಅನುಮಾನ ಮಾತ್ರ ಉಳಿಯಿತು. ಮುಂದೆ ಒಂದು ಸಲ ಹಿರೇಕೆರೂರಿಗೆ ಹೋದಾಗ, ಅವರ ಪಕ್ಕದ ಮನೆಯ ಮುದುಕಿಯನ್ನು, ಏಕೆ ಕೇಳುತ್ತಿದ್ದೇನೆಂದು ತಿಳಿಯದ ಹಾಗೆ, ಅದನ್ನೇ ಕೇಳಿ ನೋಡಿದೆ. ಮುದುಕಿ ಹೇಳಿದ್ದೂ ಅದನ್ನೇ: ಇಬ್ಬರು ಬಂದಿದ್ದರು, ಇಬ್ಬರನ್ನೂ ಅವಳು ಒಲ್ಲೆ ಎಂದಿದ್ದಳು.