ಅಪ್ಪನ ಬಾಣಂತನ

ಮಳೆಗಾಲದ ಮುಂಜಾನೆ ಸಾನಪಾಡಾದ ನನ್ನ ಮನೆಯ ಕಿಟಕಿಗೆ ಹಸಿ ಗೋಣಿಚೀಲದ ವಾಸನೆ ಬರುತ್ತದೆ. ಪಕ್ಕದ ವಾಶಿ ಮಾರುಕಟ್ಟೆಗೆ ಹೋಗುವ ಉಳ್ಳಾಗಡ್ಡಿ ಲಾರಿಗಳದ್ದು. ಸೊಸೈಟಿಯ ಜನ ಮೂಗು ಮುಚ್ಚಿಕೊಂಡು ಬೈಯುತ್ತಾರೆ. ನಾನು ಮಾತ್ರ ಚಹಾದ ಲೋಟ ಹಿಡಿದು ಅಲ್ಲೇ ನಿಲ್ಲುತ್ತೇನೆ. ಅದು ನನ್ನ ಅಪ್ಪನ ವಾಸನೆ. ಗೋಣಿಯ ನಾರು, ಉಳ್ಳಾಗಡ್ಡಿ ಸಿಪ್ಪೆ, ಬೆವರು, ಮೇಲಿಷ್ಟು ಕೊಬ್ಬರಿ ಎಣ್ಣೆ. ಹೋದವರ ಮುಖ ಮಸುಕಾದ ಮೇಲೂ ಅವರ ವಾಸನೆ ಉಳಿಯುತ್ತದೆ ಎಂಬುದನ್ನು, ಯಾರನ್ನಾದರೂ ಕಳೆದುಕೊಂಡವರಾಗಿದ್ದರೆ, ನಿಮಗೆ ನಾನು ಹೇಳಬೇಕಾಗಿಲ್ಲ.

ಕಲಬುರಗಿ ಕಡೆಯಿಂದ ಬಂದ ನಾವು ಆಗ ಕಳವಾ ಎಂಬಲ್ಲಿ ಗುಡ್ಡದ ಮೇಲಿನ ಓಣಿಯಲ್ಲಿ ಒಂದು ಖೋಲಿ ಹಿಡಿದಿದ್ದೆವು. ಕಾಲು ಚಾಚಿದರೆ ಒಲೆ, ತಲೆ ಎತ್ತಿದರೆ ತಗಡಿನ ಪತ್ರಾ. ಅಪ್ಪ ವಾಶಿಯ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಅವ್ವ ಖೋಲಿಯಲ್ಲೇ ಕೂತು ಹಣೆಯ ಟಿಕಲಿಗಳನ್ನು ಚೀಟಿಗೆ ಅಂಟಿಸುವ ಕೆಲಸ ಮಾಡುತ್ತಿದ್ದಳು. ಅವಳ ಬೆರಳಿಗೆ ಸದಾ ಒಂದು ಕೆಂಪು ಚುಕ್ಕೆ ಮೆತ್ತಿಕೊಂಡಿರುತ್ತಿತ್ತು. ನಾನು ಹೊಟ್ಟೆಯಲ್ಲಿದ್ದಾಗ ಆಕೆ ತವರಿಗೆ ಹೋಗಿದ್ದಳಂತೆ. ತಮ್ಮನೋ ತಂಗಿಯೋ ಬರುವ ಹೊತ್ತಿಗೆ ತವರಿನ ಬಾಗಿಲು ತೆರೆಯುವವರು ಯಾರೂ ಉಳಿದಿರಲಿಲ್ಲ. ಹೀಗಾಗಿ ಬಸುರಿಗೆ ಸೀರೆ ಉಡಿಸುವ ಕುಬಸವೂ ಇಲ್ಲೇ, ಹೆರಿಗೆಯೂ ಇಲ್ಲೇ ಎಂದಾಯಿತು. ದವಾಖಾನೆಯಿಂದ ಓಣಿ ಓಣಿ ತಿರುಗುವ ಮರಾಠಿ ಬಾಯಿಯೊಬ್ಬಳು ಬಂದು ಅವ್ವನ ಕಾಲಿನ ಮೀನಖಂಡ ಒತ್ತಿ ನೋಡಿದಳು. ಒತ್ತಿದಲ್ಲಿ ಕುಣಿ ಬಿದ್ದದ್ದು ಹಾಗೇ ಉಳಿಯಿತು. ತಲೆನೋವೇ, ಕಣ್ಣು ಮಂಜಾಗುತ್ತದೆಯೇ ಎಂದು ಮುರುಕು ಕನ್ನಡದಲ್ಲಿ ಕೇಳಿ, ಇವತ್ತೇ ದೊಡ್ಡ ದವಾಖಾನೆಗೆ ಹೋಗೆಂದಳು.

“ಬಸುರಿ ಕಾಲು ಬಾತ್ರ ಅದೇನ್ ಹೊಸಾದೇನ್ರಿ ಬಾಯಿ? ಇವರು ಕೆಲಸದಿಂದ ಬರ್ಲಿ, ಹೋಗ್ತೀನಿ” ಎಂದಳು ಅವ್ವ.

ಅವಳು ದಡ್ಡಿಯಾಗಿರಲಿಲ್ಲ. ನನ್ನನ್ನು ಎಲ್ಲಿ ಬಿಡುವುದು, ಉಪ್ಪುನೀರಿನ ಖಾಡಿ ದಾಟಿ ಆಚೆ ಯಾವ ಬಸ್ಸು ಹಿಡಿಯುವುದು, ಡಾಕ್ಟರ್ ಕೇಳಿದ್ದಕ್ಕೆ ಯಾವ ಭಾಷೆಯಲ್ಲಿ ಉತ್ತರ ಕೊಡುವುದು? ದೊಡ್ಡ ದವಾಖಾನೆಯ ದಾರಿ ನಮ್ಮಂಥವರಿಗೆ ಬರೀ ದೂರದ್ದಲ್ಲ. ಅಪ್ಪ ಬರುವಷ್ಟರಲ್ಲಿ ಅವಳಿಗೆ ಮೈ ಸೆಟೆದು ಫಿಟ್ಸ್ ಬಂತು. ರಿಕ್ಷಾದಲ್ಲಿ ಹಾಕಿಕೊಂಡು ಹೋದರು. ಮೊದಲು ಹೋದ ಕಡೆ ಇಲ್ಲಿ ಆಗುವುದಿಲ್ಲ ಎಂದರು, ಮುಂದಿನ ಕಡೆ ಒಳಗೆ ತೆಗೆದುಕೊಂಡರು. ಹೊಟ್ಟೆ ಕೊಯ್ದು ದಿನ ತುಂಬದ ಹೆಣ್ಣುಕೂಸನ್ನು ತೆಗೆದರು. ಅವ್ವ ಕಣ್ಣು ತೆರೆಯಲಿಲ್ಲ.

ಕೂಸು ಹೇಗಿತ್ತೆಂದರೆ, ಎತ್ತಿಕೊಳ್ಳಲು ಹೆದರಿಕೆಯಾಗಬೇಕು. ಚರ್ಮ ಅದರ ಅಳತೆಯದ್ದಲ್ಲವೆನ್ನುವ ಹಾಗೆ ಸಡಿಲವಾಗಿತ್ತು. ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗಳೆಲ್ಲ ತುಂಬಿದ್ದವು. ನರ್ಸಮ್ಮ ಅಪ್ಪನ ಅಂಗಿ ಬಿಚ್ಚಿಸಿ, ಬರೀ ಟೊಪ್ಪಿಗೆ, ಲಂಗೋಟಿ ಹಾಕಿದ ಕೂಸನ್ನು ಅವನ ಬರಿಯೆದೆಗೆ ಹಚ್ಚಿ, ಮೇಲೊಂದು ಬಟ್ಟೆ ಸುತ್ತಿದಳಂತೆ. ತಾಯಿಯೇ ಆಗಬೇಕೆಂದಿಲ್ಲ, ಕೂಸಿಗೆ ಬೇಕಾದದ್ದು ಮೈಯ ಕಾವು, ಇಳಿಸಿದರೆ ತಣ್ಣಗಾಗುತ್ತದೆ ಎಂದು ಹೇಳಿಕೊಟ್ಟಳಂತೆ. ಹೆಂಗಸರ ವಾರ್ಡಿನಲ್ಲಿ ಬರಿಮೈಯಲ್ಲಿ ಕೂತ ಹಮಾಲ ನಾಚಿಕೆಯಿಂದ ಮುಖ ಗೋಡೆಗೆ ತಿರುಗಿಸಿಕೊಂಡನಂತೆ. ಹೆಂಡತಿ ಸತ್ತ ದುಃಖಕ್ಕೂ ಎದೆ ಬಡಿದುಕೊಳ್ಳುವ ಹಾಗಿರಲಿಲ್ಲ. ಎದೆಯ ಮೇಲೆ ಕೂಸಿತ್ತು.

ಮನೆಗೆ ಬಂದ ಮೇಲೂ ಅದೇ. ಅವ್ವನ ಹಳೆಯ ಸೀರೆಯಲ್ಲಿ ಕೂಸನ್ನು ಕಟ್ಟಿಕೊಂಡು ಅಪ್ಪ ಗೋಡೆಗೆ ಒರಗಿ ಕೂತುಬಿಟ್ಟ. ಕೆಲಸ ಬಿಟ್ಟ. ಕೂತೇ ನಿದ್ದೆ ಮಾಡಿದ. ಪಕ್ಕದ ಖೋಲಿಯ ರಾಯಚೂರಿನ ದ್ಯಾಮವ್ವ ಆಗ ಹಸಿ ಬಾಣಂತಿ. ತನ್ನ ಮಗನಿಗೆ ಕುಡಿಸಿ ಮಿಕ್ಕ ಹಾಲನ್ನು ವಾಟಿಯಲ್ಲಿ ಹಿಂಡಿ ತರುತ್ತಿದ್ದಳು. ಅಪ್ಪ ಒಳಲೆಯಲ್ಲಿ ಹನಿಹನಿಯಾಗಿ ಕುಡಿಸುತ್ತಿದ್ದ. “ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ, ನಮ್ಮಣ್ಣಗ ಇಲಿಮರಿ ಮುದ್ದು ನೋಡು” ಎಂದು ಕಾಡಿಸುತ್ತಿದ್ದಳು. ಒಂದು ದಿನ ತನ್ನ ಪಾಲಿನ ಅಂಟಿನುಂಡಿ ತಂದು, “ತಗೋ ಅಣ್ಣ, ಬಾಣಂತಿ ನಡಾ ಗಟ್ಟಿ ಇರಬೇಕು” ಎಂದು ಅವನ ಕೈಗಿಟ್ಟಳು. ಅವ್ವ ಹೋದ ಮೇಲೆ ಅಪ್ಪ ನಕ್ಕದ್ದು ಅವತ್ತೇ. ಅರ್ಧ ತಾನು ತಿಂದು ಅರ್ಧ ನನಗೆ ಕೊಟ್ಟ.

ನನಗೋ, ಹೇಳಿಕೊಳ್ಳಲಾಗದ ಒಂಟಿತನ. ನನ್ನವ್ವ ಹೋಗಿದ್ದಳು, ಅಪ್ಪನ ಎದೆಯಲ್ಲಿ ಜಾಗ ಖಾಲಿ ಇರಲಿಲ್ಲ. ಶಾಲೆಯಿಂದ ಬಂದವಳು ಅವನ ಮತ್ತು ಗೋಡೆಯ ನಡುವೆ ತೂರಿ, ಅವನ ಬೆನ್ನಿಗೆ ಬೆನ್ನು ಹಚ್ಚಿ ಕೂರುತ್ತಿದ್ದೆ. ಅವನು ಕೂಸಿಗೆ ಗುನುಗುವ ಜೋಗುಳ ನನಗೆ ಬೆನ್ನಿನ ಎಲುಬಿನಲ್ಲಿ ಕೇಳಿಸುತ್ತಿತ್ತು. “ಬದುಕ್ತದೇನಪ್ಪಾ?” ಎಂದರೆ, “ಸುಮ್ಕಿರು, ಬೆಚ್ಚಗದ” ಎನ್ನುತ್ತಿದ್ದ. ಓಣಿಗೆ ಬರುವ ಆ ಮರಾಠಿ ಬಾಯಿ ತಕ್ಕಡಿಯ ಜೋಳಿಗೆಯಲ್ಲಿ ಕೂಸನ್ನು ತೂಗಿ ನೋಡಿ ಹೋಗುತ್ತಿದ್ದಳು. ಒಂದು ಸಲ ತೂಗಿದವಳು ಅಪ್ಪನ ತಲೆ ಸವರಿದಳು. ಕೂಸು ಗೆದ್ದಿತ್ತು. ಅವತ್ತು ಗಟ್ಟಿಯಾಗಿ ಅತ್ತ ಸದ್ದಿಗೆ ಓಣಿಯೇ ಬಾಗಿಲಿಗೆ ಬಂತು.

ಗೆದ್ದ ಕೂಸನ್ನು ಬೆಳೆಸುವುದು ಇನ್ನೊಂದು ಮಾತು. ಹಮಾಲಿಗೆ ಹೋದರೆ ಕೂಸಿಲ್ಲ, ಕೂಸು ಹಿಡಿದರೆ ಅನ್ನವಿಲ್ಲ. ಅಪ್ಪನ ತಂಗಿ, ನನ್ನ ಅತ್ತಿ, ಮಕ್ಕಳಿಲ್ಲದವಳು. ಗಂಡನಿಗೆ ಉಲ್ಹಾಸನಗರದ ಕಾರಖಾನೆಯೊಂದರಲ್ಲಿ ಕೆಲಸ ಸಿಕ್ಕು, ಊರಿನಿಂದ ನೇರವಾಗಿ ಅಲ್ಲಿಗೆ ಬಂದಿಳಿದಿದ್ದಳು. ಒಂದು ದಿನ ನಮ್ಮ ಖೋಲಿಗೆ ಬಂದು ಬಾಗಿಲಲ್ಲೇ ಕೂತು ಸೆರಗೊಡ್ಡಿದಳು. “ನನ್ನ ಮಗಳಂತಲೇ ಬೆಳೀಲಿ ಅಣ್ಣ. ಹಡದಾಕಿ ಸತ್ತಾಳಂತ ಆ ಜೀವಕ್ಕ ಯಾಕ ಗೊತ್ತಾಗ್ಬೇಕು?” ಅಪ್ಪ ಕೂಸಿನ ಟೊಪ್ಪಿಗೆ ಸರಿಮಾಡಿದ. ಆಮೇಲೆ ಸೀರೆಯ ಗಂಟು ಬಿಚ್ಚಿದ. ಅವನ ಎದೆಯ ಮೇಲೆ ಕೂಸಿನ ಕೆನ್ನೆಯ ಗುರುತು ಕೆಂಪಗೆ ಮೂಡಿತ್ತು. ಅತ್ತಿ ಹೋದ ಮೇಲೆ ಅವನು ಅಂಗಿ ತೊಡದೆ ಹಾಗೆಯೇ ಕೂತಿದ್ದ. ಈಗ ಜಾಗ ಖಾಲಿಯಾಗಿತ್ತು, ಆದರೆ ಹೋಗಿ ಒರಗಲು ನನಗೆ ಧೈರ್ಯವಾಗಲಿಲ್ಲ.

ರವಿವಾರ ರೈಲಿನಲ್ಲಿ ಕಲ್ಯಾಣ ಸ್ಟೇಷನ್ ಹಾಯ್ದು ಉಲ್ಹಾಸನಗರಕ್ಕೆ ಹೋಗುತ್ತಿದ್ದೆವು. ಅಲ್ಲಿ ಅತ್ತಿ ಅವ್ವನಾಗಿದ್ದಳು, ಆ ಲೆಕ್ಕಕ್ಕೆ ಅಪ್ಪ ಸೋದರಮಾವನಾದ. “ಮಾಮಾ ಆ ಗಯೇ” ಎಂದು ಕೂಗುತ್ತ ತಂಗಿ ಬಾಗಿಲಿಗೆ ಓಡಿ ಬರುತ್ತಿದ್ದಳು. ನಾನು ಹೇಗಿದ್ದರೂ ಅಕ್ಕನೇ. ನನ್ನ ಹೆಸರೇನೂ ಬದಲಾಗಲಿಲ್ಲ. ಅಪ್ಪ ತಂದ ಚಿಕ್ಕು, ಬಳೆ ಕೊಟ್ಟು, ಬಂದ ನೆಂಟರ ಹಾಗೆ ಕುರ್ಚಿಯ ತುದಿಯಲ್ಲಿ ಕೂತು, ಚಹಾ ಕುಡಿದು ಏಳುತ್ತಿದ್ದ. ಅವಳ ಮದುವೆಯಲ್ಲಿ ಸೋದರಮಾವನೆಂದು ಕೈ ಹಿಡಿದು ಹಂದರಕ್ಕೆ ಕರೆತಂದ. ಧಾರೆ ಎರೆಯುವಾಗ ಪಕ್ಕಕ್ಕೆ ಸರಿದು ನಿಂತ.

ಕಳವಾ ಗುಡ್ಡದ ಆ ಖೋಲಿ ಈಗಿಲ್ಲ. ಓಣಿಯನ್ನೇ ಒಡೆದು ಕಟ್ಟಡ ಎಬ್ಬಿಸಿದ್ದಾರೆ. ದ್ಯಾಮವ್ವ ಎಲ್ಲಿ ಹೋದಳೋ ತಿಳಿಯದು. ಹೋದ ವರ್ಷ ಅಪ್ಪನೂ ಹೋದ. ಮಣ್ಣು ಮಾಡಿ ಬಂದ ಸಂಜೆ ನನ್ನ ಮನೆಯಲ್ಲಿ ಅತ್ತಿ ಮೂಲೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ನನ್ನ ನೋಟ ಎದುರಿಸಲಾರದೆ ನೆಲ ನೋಡಿದಳು. ಮುಪ್ಪಿನ ಜೀವ, ಅವಳಿಗೂ ಇರುವುದು ‘ಅವ್ವ’ ಎಂಬ ಆ ಒಂದೇ ಹೆಸರು. ತಂಗಿ ಬಂದು ನನ್ನ ಪಕ್ಕ ಕೂತಳು, ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

“ಮಾಮಾ ಹೋದರಂತ ನೀ ಅಕೇಲಿ ಆದಿ ಅನ್ಕೋಬ್ಯಾಡ ಅಕ್ಕಾ,” ಎಂದಳು. “ನಿನಗ ಒಡಹುಟ್ಟಿದೋರು ಯಾರೂ ಇಲ್ಲ, ಮಾಲೂಮ್ ಹೈ. ನನ್ನೇ ನಿನ್ನ ಸಗೀ ತಂಗಿ, ಸ್ವಂತ ತಂಗಿ ಅಂತ ತಿಳ್ಕೋ.”

“ಹೂಂ,” ಎಂದೆ.